ಅಳತೆಗೆ ಕೂರದ ಮದುವೆಯ ಗೌನ್: ಅಂಗಡಿಯೊಂದಿಗಿನ ತಕರಾರನ್ನು ಬಗೆಹರಿಸಿಕೊಳ್ಳುವುದು ಹೇಗೆ?

ಪ್ರಶ್ನೆ

ತಂಗಿಯ ಮದುವೆಗೆಂದು, ವಧುವಿನ ಉಡುಪುಗಳನ್ನಷ್ಟೇ ಮಾರುವ ಅಂಗಡಿಯೊಂದರಲ್ಲಿ ಗೌನ್‌ಗೆ ಆರ್ಡರ್ ಕೊಟ್ಟಿದ್ದೆವು. ಅಳತೆ ತೆಗೆದವರೂ ಸೈಜ್ ನಿರ್ಧರಿಸಿದವರೂ ಅಂಗಡಿಯವರೇ. ಈಗ ಉಡುಪು ಬಂದಿದೆ. ಬೆನ್ನಿನ ಜಿಪ್ಪು ಸೊಂಟದವರೆಗೆ ಸಲೀಸಾಗಿ ಏರುತ್ತದೆ. ಅಲ್ಲಿಂದ ಮೇಲೆ ಮೂರು ಬೆರಳಿನಷ್ಟು ತೆರವು ಉಳಿದು ನಿಂತುಬಿಡುತ್ತದೆ. ಹುಡುಗಿ ಮೈ ತುಂಬಿಕೊಂಡಿದ್ದಾಳೆ, ಸರಿಪಡಿಸಲು ಪ್ರತ್ಯೇಕ ಶುಲ್ಕವಾಗುತ್ತದೆ, ಆರ್ಡರ್ ಮೇಲೆ ತರಿಸಿದ ಉಡುಪನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಸ್ವಲ್ಪ ಹಣ ಬಾಕಿ ಇದೆ, ಮದುವೆಗೆ ಕೆಲವೇ ವಾರ ಉಳಿದಿದೆ. ಇಂಥ ತಕರಾರನ್ನು ಎದುರಿಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಅಕ್ಕನ ಉಡುಪಿಗಾಗಿ ಓಡಾಡಿದವರೊಬ್ಬರ ಉತ್ತರ

ನನ್ನ ಅಕ್ಕನ ವಿಷಯದಲ್ಲಿ ನಮಗೂ ಇದೇ ಮಾತು ಕೇಳಿಬಂದಿತ್ತು. ಮೈ ತುಂಬಿಕೊಂಡಿದೆ ಎಂದು ಅಂಗಡಿಯವರು ಹೇಳಿದೊಡನೆ ಮನೆಯವರೆಲ್ಲ ಇಲ್ಲ, ಅವಳು ಇಳಿದಿದ್ದಾಳೆ ಎಂದು ವಾದಕ್ಕೆ ನಿಲ್ಲುತ್ತಾರೆ. ಮಾತು ಉಡುಪಿನಿಂದ ಜಾರಿ ಹುಡುಗಿಯ ಮೈಮೇಲೆ ಹೋಗುತ್ತದೆ, ಅವಳು ಅಳುತ್ತಾ ಟ್ರಯಲ್ ಕೋಣೆಯಿಂದ ಹೊರಬರುತ್ತಾಳೆ, ಪ್ರಶ್ನೆ ಇದ್ದಲ್ಲಿಯೇ ಇರುತ್ತದೆ. ಆ ವಾದಕ್ಕೆ ಹೋಗಲೇಬೇಡಿ. ನಿಮಗೆ ಬೇಕಾಗಿರುವುದು ಮೂರು ಬಗೆಯ ಅಂಕಿಗಳು: ಆರ್ಡರ್ ಕೊಟ್ಟ ದಿನ ಚೀಟಿಯಲ್ಲಿ ಬರೆದ ಅಳತೆ, ತಂಗಿಯ ಇಂದಿನ ಅಳತೆ, ಮತ್ತು ಉಡುಪಿನದೇ ಅಳತೆ. ಮೊದಲ ಎರಡನ್ನು ಎಲ್ಲರೂ ನೆನೆಯುತ್ತಾರೆ; ಮೂರನೆಯದನ್ನು ಯಾರೂ ತೆಗೆಯುವುದಿಲ್ಲ.

ಉಡುಪಿನ ಅಳತೆ ತೆಗೆಯುವುದು ಕಷ್ಟವೇನಲ್ಲ. ಜಿಪ್ಪನ್ನು ಪೂರ್ತಿ ಏರಿಸಿ, ಗೌನನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ, ಒಂದು ಕಂಕುಳಿನ ಕೆಳಗಿನಿಂದ ಇನ್ನೊಂದರ ಕೆಳಗಿನವರೆಗೆ ಟೇಪು ಹಿಡಿದು, ಬಂದದ್ದನ್ನು ಎರಡರಿಂದ ಗುಣಿಸಿದರೆ ಎದೆಯ ಸುತ್ತಳತೆ ಸಿಗುತ್ತದೆ. ಸೊಂಟಕ್ಕೂ ಹೀಗೆಯೇ. ಎದೆಭಾಗ ಉಬ್ಬಿಕೊಂಡಿರುವಂತೆ ಹೊಲಿದ ಉಡುಪು ಮೇಜಿನ ಮೇಲೆ ಪೂರ್ತಿ ಚಪ್ಪಟೆಯಾಗುವುದಿಲ್ಲ. ಅಂಥದ್ದರಲ್ಲಿ ಒಳಭಾಗದ ಲೈನಿಂಗ್ ಗುಂಟ ಟೇಪನ್ನು ಸುತ್ತಲೂ ಹಾಯಿಸುವುದು ಹೆಚ್ಚು ನಂಬಿಕೆಗೆ ಅರ್ಹ. ಇದನ್ನು ಅಂಗಡಿಯಲ್ಲಿಯೇ, ಅವರ ಕಣ್ಣೆದುರಿಗೇ ಮಾಡಿ. ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆದುಕೊಳ್ಳಿ.

ಉಡುಪಿನ ಎದೆಯ ಅಳತೆ ಚೀಟಿಯಲ್ಲಿ ಬರೆದಿರುವ ಎದೆಯ ಅಳತೆಗಿಂತ ಕಡಿಮೆಯಿದ್ದರೆ ತಂಗಿಯ ತೂಕ ಏರಿದೆಯೋ ಇಳಿದಿದೆಯೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಆರ್ಡರ್ ಕೊಟ್ಟ ದಿನವೂ ಆ ಉಡುಪು ಅವಳಿಗೆ ಆಗುತ್ತಿರಲಿಲ್ಲ. ಉಡುಪು ಚೀಟಿಗೆ ಸರಿಯಾಗಿದ್ದು ಇಂದಿನ ಮೈ ಅಳತೆ ಮಾತ್ರ ಹೆಚ್ಚಾಗಿದ್ದರೆ ಅಂಗಡಿಯವರ ಮಾತಿನಲ್ಲಿ ನ್ಯಾಯವಿದೆ. ಆಗ ಶುಲ್ಕ ಎಷ್ಟು ಎಂಬುದನ್ನಷ್ಟೇ ಮಾತಾಡಿಕೊಳ್ಳಬೇಕು. ಇವೆರಡಕ್ಕೂ ಸೇರದ ಇನ್ನೊಂದು ಸಂಗತಿಯುಂಟು. ಅನೇಕ ಅಂಗಡಿಗಳು ಅಳತೆ ತೆಗೆದರೂ ಆ ಅಳತೆಗೇ ಉಡುಪನ್ನು ಹೊಲಿಸುವುದಿಲ್ಲ. ತಯಾರಕರ ಸೈಜ್ ಚಾರ್ಟಿನಲ್ಲಿ ಹತ್ತಿರದ ಸೈಜ್ ಆರಿಸಿ ತರಿಸುತ್ತವೆ. ಎದೆ, ಸೊಂಟ, ನಿತಂಬ ಮೂರೂ ಒಂದೇ ಸೈಜಿಗೆ ಬೀಳುವುದು ಅಪರೂಪ. ಮೂರರಲ್ಲಿ ದೊಡ್ಡದಕ್ಕೆ ಹೊಂದುವ ಸೈಜ್ ತರಿಸಿ ಉಳಿದ ಕಡೆ ಒಳಗೆ ಹಿಡಿಯುವುದು ಈ ವ್ಯಾಪಾರದ ವಾಡಿಕೆ. ಆದ್ದರಿಂದ ಚೀಟಿಯ ಜೊತೆಗೆ ಚಾರ್ಟಿನ ಪ್ರತಿಯನ್ನೂ ಕೇಳಿ ಪಡೆಯಿರಿ.

ಇಷ್ಟು ಕೈಗೆ ಬಂದ ಮೇಲೆ ಬರಹದಲ್ಲಿ ಕೇಳಿ. ಕೌಂಟರಿನಲ್ಲಿ ನಿಂತು ಆಡಿದ ಮಾತು ಮರುದಿನ ಬೇರೊಬ್ಬರು ಡ್ಯೂಟಿಗೆ ಬಂದಾಗ ಇರುವುದಿಲ್ಲ. ನಾವು ಬರೆದ ಪತ್ರದ ತಿರುಳು ಇಷ್ಟೇ: “ನಿಮ್ಮ ಸಿಬ್ಬಂದಿ ದಾಖಲಿಸಿದ ಅಳತೆ ಇಷ್ಟು, ನೀವು ಒಪ್ಪಿಸಿದ ಉಡುಪಿನ ಅಳತೆ ಇಷ್ಟು. ಈ ವ್ಯತ್ಯಾಸವನ್ನು ನಿಮ್ಮ ವೆಚ್ಚದಲ್ಲಿ ಈ ದಿನಾಂಕದೊಳಗೆ ಸರಿಪಡಿಸಿಕೊಡಬೇಕು. ಸಾಧ್ಯವಿಲ್ಲವಾದರೆ ಬದಲಿ ಉಡುಪನ್ನು ಇಲ್ಲವೇ ಪೂರ್ತಿ ಹಣವನ್ನು ಕೊಡುವ ಬಗ್ಗೆ ಲಿಖಿತವಾಗಿ ತಿಳಿಸಬೇಕು.” ನೋವು, ಅವಮಾನ, ನೆಂಟರ ಮುಂದಿನ ಮುಜುಗರ ಇವು ಯಾವುವನ್ನೂ ಅದರಲ್ಲಿ ಬರೆಯಲಿಲ್ಲ. ಬರೆಯಬಾರದೆಂದಲ್ಲ; ಬರೆದರೆ ಉತ್ತರ ಕೊಡುವವರು ಸಾಂತ್ವನದ ನಾಲ್ಕು ಸಾಲು ಬರೆದು ಅಂಕಿಗಳನ್ನು ದಾಟಿ ಹೋಗುತ್ತಾರೆ.

ಹೊಲಿಗೆಯ ವೃತ್ತಿಯಲ್ಲಿರುವವರೊಬ್ಬರ ಉತ್ತರ

ಪತ್ರದ ವಿಷಯ ಸರಿಯಾಗಿದೆ. ಆದರೆ ಹಣ ವಾಪಸ್ಸು ಕೇಳುವುದೋ ಉಡುಪನ್ನು ಉಳಿಸಿಕೊಳ್ಳುವುದೋ ಎಂದು ನಿರ್ಧರಿಸುವ ಮುನ್ನ ಗೌನನ್ನು ಒಳಮೈ ಹೊರಮಾಡಿ ನೋಡಬೇಕು. ಪಕ್ಕದ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಎರಡು ಪಕ್ಕಗಳಲ್ಲಿ ಎರಡು ಹೊಲಿಗೆ, ಒಂದೊಂದು ಹೊಲಿಗೆಗೆ ಎರಡು ಅಂಚು, ಅಂದರೆ ಒಟ್ಟು ನಾಲ್ಕು ಅಂಚುಗಳಿರುತ್ತವೆ. ಪ್ರತಿಯೊಂದರಿಂದ ಅರ್ಧ ಇಂಚು ಬಿಡಿಸಲು ಸಾಧ್ಯವಾದರೆ ಸುತ್ತಳತೆಗೆ 2 ಇಂಚು ಸೇರುತ್ತದೆ. ಮೂರು ಬೆರಳಿನ ತೆರವೆಂದರೆ ಹೆಚ್ಚುಕಡಿಮೆ ಅಷ್ಟೇ. ಬಿಡಿಸಿದ ಮೇಲೂ ಹೊಸ ಹೊಲಿಗೆ ನಿಲ್ಲುವಷ್ಟು ಬಟ್ಟೆ ಒಳಗೆ ಉಳಿಯಬೇಕು ಎಂಬುದನ್ನು ಮರೆಯಬೇಡಿ. ಅಂಚಿಗೆ ತೀರ ಹತ್ತಿರ ಹಾಕಿದ ಹೊಲಿಗೆ ಕುಳಿತೇಳುವಾಗ ಕಿತ್ತುಬರುತ್ತದೆ. ಲೈನಿಂಗಿನಲ್ಲೂ ಅಷ್ಟೇ ಬಟ್ಟೆ ಇರಬೇಕು. ಮೇಲ್ಬಟ್ಟೆ ಮಾತ್ರ ಸಡಿಲವಾಗಿ ಲೈನಿಂಗ್ ಬಿಗಿಯಾಗಿಯೇ ಉಳಿದರೆ ಮಾಡಿದ ಕೆಲಸ ವ್ಯರ್ಥ.

ಬಟ್ಟೆಯ ಜಾತಿಯನ್ನೂ ನೋಡಬೇಕು. ಸ್ಯಾಟಿನ್, ಟಫೆಟಾ ಮುಂತಾದವುಗಳಲ್ಲಿ ಹಳೆಯ ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ಸಾಲಾಗಿ ಉಳಿಯುತ್ತವೆ, ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಲೇಸ್ ಅಥವಾ ಮಣಿ ಕಸೂತಿ ಇದ್ದರೆ ಅದರ ಒಂದು ತುಂಡನ್ನು ಆ ಸಾಲಿನ ಮೇಲೆ ಕೂರಿಸಿ ಮರೆಮಾಡಬಹುದು. ಮಣಿಗಳು ಹೊಲಿಗೆಯನ್ನು ದಾಟಿ ಹೋಗಿದ್ದರೆ ಅವನ್ನು ಕೈಯಿಂದ ಒಂದೊಂದಾಗಿ ಬಿಚ್ಚಿ ಮತ್ತೆ ಪೋಣಿಸಬೇಕಾಗುವುದರಿಂದ ಕೆಲಸದ ಅವಧಿ ಒಮ್ಮೆಲೇ ಹಿಗ್ಗುತ್ತದೆ.

ಒಳಗೆ ಬಟ್ಟೆಯೇ ಇಲ್ಲದಿದ್ದರೆ ಜಿಪ್ಪನ್ನು ತೆಗೆದು, ಎರಡೂ ಅಂಚಿಗೆ ಬಟ್ಟೆಯ ಕುಣಿಕೆಗಳನ್ನು ಹೊಲಿದು, ಲಾಡಿ ಹೆಣೆದು ಕಟ್ಟುವ ಬೆನ್ನನ್ನು ಮಾಡಬಹುದು. ಹಿಂದೆ ಮೈ ಕಾಣದಂತೆ ಅದೇ ಬಣ್ಣದ ಪಟ್ಟಿಯೊಂದನ್ನು ಒಳಗೆ ಕೊಡುತ್ತಾರೆ. ಇದರಿಂದ ಬೆನ್ನಿನಲ್ಲಿ ಕೆಲವು ಇಂಚುಗಳ ಅವಕಾಶ ಸಿಗುತ್ತದೆ, ಮದುವೆಯ ದಿನ ಬಿಗಿಯನ್ನು ಬೇಕಾದಂತೆ ಹೊಂದಿಸಿಕೊಳ್ಳಲೂಬಹುದು. ಆದರೆ ಉಡುಪಿನ ವಿನ್ಯಾಸವೇ ಬದಲಾಗುತ್ತದೆಯಾದ್ದರಿಂದ ಇದು “ಸರಿಪಡಿಸಿದ್ದು” ಅಲ್ಲ, “ರಾಜಿ”. ಒಪ್ಪುವುದಾದರೆ ಬೆಲೆಯಲ್ಲಿ ಕಡಿತ ಕೇಳುವುದು ನ್ಯಾಯವೇ ಆಗಿದೆ.

ಒಂದು ಮಾತನ್ನು ಒತ್ತಿ ಹೇಳಬೇಕು: ತಕರಾರು ತೀರುವವರೆಗೆ ಹೊರಗಿನ ಟೈಲರ್ ಕೈಗೆ ಕತ್ತರಿ ಕೊಡಬೇಡಿ. ನನ್ನಂಥವರು ಒಂದು ಹೊಲಿಗೆ ಬಿಚ್ಚಿದರೂ ಸಾಕು, ಉಡುಪು ಕೆಟ್ಟಿದ್ದು ಹೊರಗಡೆ ಎಂದು ಅಂಗಡಿಯವರು ಹೇಳಬಹುದು. ಹೊರಗಿನವರಿಂದ ಪಡೆಯಬೇಕಾದದ್ದು ಲಿಖಿತ ಅಭಿಪ್ರಾಯವನ್ನು ಮಾತ್ರ: ಉಡುಪಿನ ಅಳತೆ, ಒಳಗಿರುವ ಬಟ್ಟೆಯ ಪ್ರಮಾಣ, ಸರಿಪಡಿಸಲು ಸಾಧ್ಯವೇ, ತಗಲುವ ವೆಚ್ಚ ಮತ್ತು ಅವಧಿ.

ಇಂಥ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡಿದ್ದವರೊಬ್ಬರ ಉತ್ತರ

ಅಂಗಡಿಯ ಕಡೆಯಿಂದ ಒಂದೆರಡು ಮಾತು. ಅಲ್ಟರೇಷನ್ ಬೇಕಾಗುವುದೇ ದೋಷವಲ್ಲ. ಸೈಜಿನ ಪ್ರಕಾರ ತರಿಸಿದ ಗೌನನ್ನು ಅಲ್ಲಿ ಇಲ್ಲಿ ಹಿಡಿಯದೆ ಹಾಗೆಯೇ ತೊಡುವವರು ಕಡಿಮೆ. ಟ್ರಯಲ್‌ಗೆ ಬರುವಾಗ ಅಳತೆ ಕೊಟ್ಟ ದಿನ ತೊಟ್ಟಿದ್ದ ಬಗೆಯ ಒಳಉಡುಪು, ಮದುವೆಯಂದು ಹಾಕುವ ಎತ್ತರದ ಚಪ್ಪಲಿ ಎರಡೂ ಇರಲೇಬೇಕು. ಇವು ಬದಲಾದರೆ ಎದೆಯ ಅಳತೆಯೂ ಉಡುಪಿನ ಕೆಳ ಅಂಚೂ ಬದಲಾಗುತ್ತವೆ, ಆಗ ಯಾವ ವಾದವೂ ನಿಲ್ಲುವುದಿಲ್ಲ.

ಇನ್ನು “ಹಿಂದಕ್ಕೆ ಪಡೆಯುವುದಿಲ್ಲ” ಎಂಬ ಷರತ್ತು. ಮನಸ್ಸು ಬದಲಾಯಿತು ಎಂದು ಬರುವವರಿಗಾಗಿ ಅದನ್ನು ಬರೆದಿರುತ್ತಾರೆ. ಆರ್ಡರಿಗೆ ತಕ್ಕಂತಿಲ್ಲದ ವಸ್ತುವನ್ನು ಒಪ್ಪಿಸಿದಾಗಲೂ ಗ್ರಾಹಕರ ಬಾಯಿ ಮುಚ್ಚಿಸಲು ಅದು ಸಾಕಾಗುತ್ತದೆ ಎಂದು ಭಾವಿಸುವುದು ತಪ್ಪು. ಗ್ರಾಹಕರ ರಕ್ಷಣೆಗೆ ಕಾನೂನು ಇರುವ ಕಡೆಗಳಲ್ಲಿ ಸಾಮಾನ್ಯವಾಗಿ ಇವೆರಡನ್ನೂ ಬೇರೆಬೇರೆಯಾಗಿಯೇ ನೋಡುತ್ತಾರೆ. ಕೌಂಟರಿನಲ್ಲಿರುವವರಿಗೆ ಶುಲ್ಕ ಮನ್ನಾ ಮಾಡುವ ಅಧಿಕಾರ ಬಹುತೇಕ ಇರುವುದಿಲ್ಲ, ಆದ್ದರಿಂದ ಪತ್ರವನ್ನು ಮಾಲೀಕರ ಹೆಸರಿಗೇ ಕೊಡಿ. ಉಡುಪನ್ನು ಕೈಗೆ ಕೊಡುವಾಗ ಸಹಿ ಹಾಕಿಸಿಕೊಳ್ಳುವ ಚೀಟಿಯಲ್ಲಿ “ಪರಿಶೀಲಿಸಿ, ತೃಪ್ತಿಯಿಂದ ಸ್ವೀಕರಿಸಿದ್ದೇನೆ” ಎಂಬ ಸಾಲು ಸಾಮಾನ್ಯ. ಅದನ್ನು ಓದದೆ ಸಹಿ ಹಾಕಬೇಡಿ, ಹಾಕಲೇಬೇಕಾದರೆ ಸಹಿಯ ಪಕ್ಕದಲ್ಲಿಯೇ “ಎದೆಯ ಅಳತೆಯ ಬಗ್ಗೆ ತಕರಾರು ಬಾಕಿ ಇದೆ” ಎಂದು ಕೈಬರಹದಲ್ಲಿ ಸೇರಿಸಿ.

ಇನ್ನೊಬ್ಬರ ಉತ್ತರ

ಮುಂಗಡವನ್ನು ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಅಂಗಡಿಗೆ ಹೋದ ಹಣವನ್ನು ಬ್ಯಾಂಕಿನ ಮೂಲಕ ಹಿಂದಕ್ಕೆ ಪಡೆಯುವ ಕ್ರಮವನ್ನು ಕೋರಬಹುದು. ಅದಕ್ಕೆ ಗಡುವಿರುತ್ತದೆ, ಅನೇಕ ಸಂದರ್ಭಗಳಲ್ಲಿ 120 ದಿನ. ಆರ್ಡರಿಗೂ ಉಡುಪು ಬರುವುದಕ್ಕೂ ತಿಂಗಳುಗಳ ಅಂತರವಿರುವುದರಿಂದ ಆ ಗಡುವನ್ನು ಯಾವ ದಿನದಿಂದ ಎಣಿಸುತ್ತಾರೆಂದು ಈಗಲೇ ಬ್ಯಾಂಕಿನವರನ್ನು ಕೇಳಿ. ಮೇಲಿನವರು ಹೇಳಿದ ಪತ್ರ, ಫೋಟೊ, ಟೈಲರ್ ಅಭಿಪ್ರಾಯ ಇವೇ ಅಲ್ಲಿಯೂ ಬೇಕಾಗುತ್ತವೆ. ಆದರೆ ಉಡುಪನ್ನು ಇಟ್ಟುಕೊಂಡು, ಮದುವೆಯಲ್ಲಿ ತೊಟ್ಟು, ಪೂರ್ತಿ ಹಣವನ್ನೂ ವಾಪಸ್ಸು ಕೇಳಿದರೆ ನಿಲ್ಲುವುದು ಕಷ್ಟ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಚೀಟಿ ಮತ್ತು ಚಾರ್ಟ್ ಎರಡೂ ಸಿಕ್ಕವು. ಚೀಟಿಯಲ್ಲಿ ಎದೆ 38 ಇಂಚು, ಸೊಂಟ 29 ಇಂಚು ಎಂದು ಅವರದೇ ಕೈಬರಹದಲ್ಲಿದೆ. ತರಿಸಿರುವ ಸೈಜಿಗೆ ಚಾರ್ಟಿನಲ್ಲಿ ಸೊಂಟ 29 ಇಂಚು, ಎದೆ ಮಾತ್ರ 36 ಇಂಚು; ಉಡುಪನ್ನು ಅಳೆದಾಗಲೂ ಅಷ್ಟೇ ಬಂತು. ಅಂದರೆ ಸೊಂಟವನ್ನು ನೋಡಿ ಸೈಜ್ ಆರಿಸಿದ್ದಾರೆ. ಇದನ್ನು ಬರೆದು ಮಾಲೀಕರಿಗೆ ಕೊಟ್ಟ ಮೇಲೆ ತೂಕದ ಮಾತು ನಿಂತಿದೆ. ಪಕ್ಕದ ಹೊಲಿಗೆಗಳಲ್ಲಿ ಬಟ್ಟೆ ಇದೆ, ಶುಲ್ಕವಿಲ್ಲದೆ ಬಿಡಿಸಿಕೊಡುತ್ತೇವೆ ಎಂದು ಒಪ್ಪಿದ್ದಾರೆ. ಆದರೆ ಕೆಲಸ ಶುರುಮಾಡುವ ಮುನ್ನ ಬಾಕಿ ಹಣವನ್ನು ಪೂರ್ತಿ ಕೊಡಬೇಕೆನ್ನುತ್ತಿದ್ದಾರೆ. ಕೊಡಬಹುದೇ?

ಅಕ್ಕನ ಉಡುಪಿಗಾಗಿ ಓಡಾಡಿದವರು

ಟ್ರಯಲ್‌ಗೆ ಮುಂಚೆ ಪೂರ್ತಿ ಕೊಡಬೇಡಿ. ಈಗ ಒಂದು ಭಾಗ, ಜಿಪ್ಪು ಪೂರ್ತಿ ಏರಿದ ಮೇಲೆ ಉಳಿದದ್ದು ಎಂದು ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೆ, ದಿನಗಳು ಕಡಿಮೆಯಿರುವುದರಿಂದ ಹಟ ಹಿಡಿಯುವುದಕ್ಕಿಂತ “ನನ್ನ ತಕರಾರನ್ನು ಕಾಯ್ದಿರಿಸಿಕೊಂಡು ಪಾವತಿಸುತ್ತಿದ್ದೇನೆ” ಎಂದು ರಸೀದಿಯ ಮೇಲೆ ಬರೆಸಿ, ಸಾಧ್ಯವಾದರೆ ಕಾರ್ಡಿನಲ್ಲಿ ಕೊಡುವುದು ಮೇಲು. ಟ್ರಯಲ್‌ನ ದಿನಾಂಕವನ್ನೂ ಅದೇ ರಸೀದಿಯಲ್ಲಿ ಬರೆಸಿ.

ಹೊಲಿಗೆಯ ವೃತ್ತಿಯವರು

ಆ ದಿನಾಂಕ ಮದುವೆಗೆ ಕನಿಷ್ಠ ಒಂದು ವಾರ ಮುಂಚೆ ಇರಲಿ, ಎರಡನೆಯ ಸಲ ತಿದ್ದಬೇಕಾದರೆ ಅಷ್ಟಾದರೂ ಬೇಕು. ಮೊದಲ ಟ್ರಯಲ್‌ಗೆ ಕಚ್ಚಾ ಹೊಲಿಗೆ ಮಾತ್ರ ಹಾಕಿಡಲು ಹೇಳಿ. ತಂಗಿ ತೊಟ್ಟು ನಿಂತಾಗ ಎದೆಯ ಮೇಲೆ ಅಡ್ಡ ಸುಕ್ಕು ಬಿದ್ದರೆ ಇನ್ನೂ ಬಿಗಿಯಿದೆ ಎಂದರ್ಥ, ಉದ್ದುದ್ದ ಮಡಿಕೆ ಬಿದ್ದರೆ ಹೆಚ್ಚು ಬಿಟ್ಟಿದ್ದಾರೆ ಎಂದರ್ಥ. ನಿಂತು ನೋಡಿದ ಮೇಲೆ ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈ ಮೇಲೆತ್ತಿಸಿ, ಉಸಿರನ್ನು ಪೂರ್ತಿ ಎಳೆದುಕೊಳ್ಳಲು ಹೇಳಿ ನೋಡಿ. ಆಮೇಲೆ ಪಕ್ಕಾ ಹೊಲಿಗೆ ಹಾಕಿಸಿ.