ದೂರದ ಡಾಕ್ಟರಿಗೆ ಕಾಯಬೇಡ ಅಕ್ಕ

ಅಕ್ಕ, ನಿನ್ನ ಮೆಸೇಜ್ ನೋಡಿದೆ. ಭಾವನಿಗೆ ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾರ ಜೊತೆಗೂ ಮಾತಿಲ್ಲ, ಮನಸ್ಸಿನ ಡಾಕ್ಟರು ಬೇಕೆಂದರೆ ಸಿಟಿಗೇ ಹೋಗಬೇಕು, ಏನು ಮಾಡಲಿ ಅಂತ ಕೇಳಿದ್ದೀಯ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಪೂರ್ತಿ ಕೇಳು.

ಸಿಟಿಗೆ ಹೋಗುವವರೆಗೆ ಕಾಯಬೇಡ. ನಾಳೆಯೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸು. ಅಲ್ಲಿರುವುದು ಬರೀ ಎಂಬಿಬಿಎಸ್ ಡಾಕ್ಟರು ಅಲ್ವಾ ಅಂದಿದ್ದೀಯ. ನೀನು ಹೇಳಿದ್ದು ನೋಡಿದರೆ ಇದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಶುರು ಮಾಡಲು ಬಹಳ ಸಲ ಅಷ್ಟು ಸಾಕು ಅಕ್ಕ. 1980ರ ದಶಕದಲ್ಲೇ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಲ್ಲಲ್ಲೇ ಔಷಧಿ ಸಿಗುವಂತೆ ಮಾಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆ ಮಾದರಿಯಿಂದಲೇ ಬಂದದ್ದು. ಅದರ ಡಾಕ್ಟರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರಾ, ಯಾವತ್ತು ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳು. ಬೋರ್ಡಿನಲ್ಲಿ ಬರೆಯದೇ ಇರುವುದೂ ಅವರಿಗೆ ಗೊತ್ತಿರುತ್ತದೆ.

ಡಾಕ್ಟರ ಮುಂದೆ ಕೂತ ಕೂಡಲೇ ಭಾವ "ಏನಿಲ್ಲ, ಸ್ವಲ್ಪ ಸುಸ್ತು" ಅಂದುಬಿಡುತ್ತಾರೆ ನೋಡು. ನಾನು ಓಪಿಡಿಯಲ್ಲಿ ದಿನಾ ಕೇಳುವ ಮಾತು ಅದು. ಆಮೇಲೆ ಒಂದು ವಿಟಮಿನ್ ಮಾತ್ರೆ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಅದಕ್ಕೇ ನೀನು ಇವತ್ತೇ ಒಂದು ಹಾಳೆಯಲ್ಲಿ ಬರೆದಿಡು. ಯಾವಾಗಿನಿಂದ ಹೀಗಾಯಿತು, ಎಷ್ಟು ಗಂಟೆಗೆ ಎಚ್ಚರ ಆಗುತ್ತದೆ, ಯಾವ ಕೆಲಸ ಬಿಟ್ಟಿದ್ದಾರೆ, ತೂಕ ಇಳಿದಿದೆಯಾ, ಕುಡಿತ ಇದೆಯಾ, ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಎಲ್ಲಾ. ಆ ಹಾಳೆ ನೀನೇ ಡಾಕ್ಟರ ಕೈಗೆ ಕೊಡು. ಥೈರಾಯ್ಡ್, ರಕ್ತ ಪರೀಕ್ಷೆ ಬೇಕಾ ಅಂತಲೂ ಕೇಳು. ಥೈರಾಯ್ಡ್ ಕಡಿಮೆಯಾದರೂ ಮನಸ್ಸಿಗೆ ಹೀಗೇ ಮಂಕು ಕವಿಯುತ್ತದೆ.

ಮಾತ್ರೆ ಕೊಟ್ಟರೆ ಒಂದು ನೆನಪಿಡು. ವಾಕರಿಕೆ, ತಲೆನೋವು ಮೊದಲು ಬರಬಹುದು. ಗುಣ ಕಾಣುವುದು 2ರಿಂದ 4 ವಾರ ಆದ ಮೇಲೆ. ಎಷ್ಟೋ ಜನ ಈ ನಡುವೆಯೇ ಬಿಟ್ಟುಬಿಡುತ್ತಾರೆ, ನನಗೆ ಹೊಟ್ಟೆ ಉರಿಯುವುದೇ ಅಲ್ಲಿ. ಚೆನ್ನಾಗಿ ಆದ ಮೇಲೂ ಕನಿಷ್ಠ 6 ತಿಂಗಳು ನುಂಗಬೇಕು, ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸುತ್ತದೆ ಅಂದರೆ, ಎಲ್ಲರ ಮೇಲೂ ಅನುಮಾನ ಪಟ್ಟರೆ, ನಿದ್ದೆ ಇಲ್ಲದೆಯೂ ವಿಪರೀತ ಹುರುಪಿನಲ್ಲಿ ಓಡಾಡಿದರೆ, ಆಗ ಸಿಟಿಗೆ ಹೋಗಲೇಬೇಕು. ಹೋದಾಗ ಎದ್ದು ಬರುವ ಮುಂಚೆ ಕೇಳು: ಮುಂದಿನ ಸಲ ಫೋನಿನಲ್ಲೋ ವಿಡಿಯೋದಲ್ಲೋ ನೋಡುತ್ತೀರಾ, ಇದನ್ನೇ ನಮ್ಮ ಡಾಕ್ಟರು ಮುಂದುವರಿಸಬಹುದಾ? ಒಂದು ಪತ್ರ ಬರೆಸಿಕೊಂಡು ಬಾ. ಕಂಪನಿ ಇಟ್ಟ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ (ಜೆನೆರಿಕ್ ಹೆಸರು) ಬರೆಸು, ಆಗ ಆ ಕಂಪನಿಯದು ಸಿಗದಿದ್ದರೂ ತೊಂದರೆ ಆಗುವುದಿಲ್ಲ.

ಈಗಲೇ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಭಾವ ಒಪ್ಪದಿದ್ದರೆ ನೀನೇ ಮಾಡು, ಮನೆಯವರೂ ಕೇಳಬಹುದು. ಸಿಗ್ನಲ್ ಚೆನ್ನಾಗಿರುವ ಕಡೆ ನಿಂತು ಮಾಡು.

ಇನ್ನೊಂದು ಮಾತು, ಹೇಳಲು ಕಷ್ಟ, ಆದರೂ ಹೇಳುತ್ತೇನೆ. "ಸಾಯಬೇಕು ಅಂತ ಅನ್ನಿಸುತ್ತಿದೆಯಾ" ಅಂತ ಭಾವನನ್ನು ನೇರವಾಗಿ ಕೇಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ. ಎಷ್ಟೋ ಜನರಿಗೆ ಯಾರೋ ಕೇಳಿದರಲ್ಲ ಅಂತ ಹಗುರ ಆಗುತ್ತದೆ. ಅವರು ಏನೇ ಅನ್ನಲಿ, ಮನೆಯಲ್ಲಿರುವ ಕೀಟನಾಶಕವನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸು. ಹೌದು ಅಂದರೆ ಒಬ್ಬರನ್ನೇ ಬಿಡಬೇಡ, ರಾತ್ರಿಯಾದರೂ ಸರಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಗ್ರೂಪಿನಲ್ಲಿರುವ ಉಳಿದವರಿಗೆ: ದಯವಿಟ್ಟು ಭಾವನಿಗೆ ಫೋನ್ ಮಾಡಿ "ಧೈರ್ಯ ತಂದುಕೋ, ಸುಮ್ನೆ ಯೋಚನೆ ಮಾಡಬೇಡ" ಅನ್ನಬೇಡಿ. ಸಹಾಯ ಮಾಡಬೇಕೆಂದರೆ ಗಾಡಿ ತೆಗೆದುಕೊಂಡು ಬನ್ನಿ, ಆಸ್ಪತ್ರೆಗೆ ಹೋದ ದಿನ ಮಕ್ಕಳನ್ನು ನೋಡಿಕೊಳ್ಳಿ.

ಅಕ್ಕ, ಡಾಕ್ಟರು ಬರೆದ ಚೀಟಿಯ ಫೋಟೋ ನನಗೆ ಕಳಿಸು. ಗ್ರೂಪಿಗೆ ಹಾಕಬೇಡ, ನನ್ನ ನಂಬರಿಗೆ ಮಾತ್ರ.