‘ಫೀಡ್ ವಾಟರ್’, ‘ಫೋರ್ಸ್’, ‘ತಣ್ಣೀರು’: ಆರ್‌ಒ ಕೈಪಿಡಿಗೆ ಪದ ಬೇಕು

ಪ್ರಶ್ನೆ:

ನಮಸ್ಕಾರ. ಮನೆಬಳಕೆಯ ಆರ್‌ಒ (ಕುಡಿಯುವ ನೀರು ಶುದ್ಧಮಾಡುವ) ಯಂತ್ರ ಕೂರಿಸುವ ಬಗ್ಗೆ ಕನ್ನಡದಲ್ಲಿ ಒಂದು ಕಿರುಕೈಪಿಡಿ ಸಿದ್ಧವಾಗುತ್ತಿದೆ. ಬೆಂಗಳೂರಿನ ಫಿಟ್ಟರ್‌ಗಳೂ ಮನೆಯವರೂ ಓದುವಂಥದ್ದು. ‘ಫೀಡ್ ವಾಟರ್’ಗೆ, ಅಂದರೆ ಶುದ್ಧವಾಗಲು ಒಳಹೋಗುವ ನೀರಿಗೆ, ಊಡುನೀರು, ಪೂರೈಕೆ ನೀರು, ಒಳಹರಿವು ಎಂಬ ಸಲಹೆಗಳು ಬಂದಿವೆ. ಯಾವುದನ್ನು ಇಟ್ಟುಕೊಳ್ಳೋಣ? ‘ಪ್ರೆಶರ್’ಗೆ ಒತ್ತಡ ಎಂದರೆ ಸಾಕೇ? ಜನ ‘ನೀರಿಗೆ ಫೋರ್ಸ್ ಇಲ್ಲ’ ಅನ್ನುತ್ತಾರಲ್ಲ, ಅದೂ ಇದೇ ಅರ್ಥವೇ? ಕೊನೆಯದಾಗಿ, ‘ತಣ್ಣೀರಿನ ಪೈಪಿಗೆ ಮಾತ್ರ ಜೋಡಿಸಿ’ ಎಂಬ ಸಾಲು ಬಿಸಿಯ ಎಚ್ಚರಿಕೆಗೆ ಸಾಲುತ್ತದೆಯೇ?

ಉತ್ತರ 1:

ಮೊದಲು ‘ಫೀಡ್’. ಒಳಹರಿವು ಬೇಡ. ಕೆಆರ್‌ಎಸ್‌ಗೆ ಇಷ್ಟು ಕ್ಯೂಸೆಕ್ ಒಳಹರಿವು ಎಂದು ಪತ್ರಿಕೆಗಳಲ್ಲಿ ದಿನವೂ ಓದುವವರಿಗೆ ಅದು ನೀರಿನ ಪ್ರಮಾಣ. ಪೂರೈಕೆ ನೀರು ಎಂದರೆ ಜಲಮಂಡಳಿಯ ಕಾವೇರಿ ನೀರು ಎಂದುಕೊಳ್ಳುವವರೇ ಹೆಚ್ಚು. ಯಂತ್ರಕ್ಕೆ ಬರುವುದು ಬೋರ್‌ವೆಲ್ಲಿನದೋ ಟ್ಯಾಂಕರಿನದೋ ಇರಬಹುದು. ಊಡುನೀರು ಚೆಂದದ ಪದ, ಆದರೆ ಫಿಟ್ಟರ್ ಒಂದು ಗಳಿಗೆ ನಿಂತು ಯೋಚಿಸಬೇಕಾಗುತ್ತದೆ.

ಪದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಇಂಗ್ಲಿಷಿನಲ್ಲೇ ‘ಫೀಡ್’ ಎರಡು ಜಾಗಕ್ಕೆ ಅನ್ವಯಿಸುತ್ತದೆ. ಯಂತ್ರದ ಹಿಂದೆ ಅಂಟಿಸಿರುವ ಚೀಟಿಯಲ್ಲಿ ಕನಿಷ್ಠ ಒತ್ತಡ ಚದರ ಸೆಂ.ಮೀ.ಗೆ 0.3 ಕೆಜಿ ಎಂದು ಹಲವು ಕಡೆ ಇರುತ್ತದೆ. ಅದು ಗೋಡೆಯ ನಲ್ಲಿಯಿಂದ ಯಂತ್ರಕ್ಕೆ ಬರುವ ನೀರಿನದು. 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನಿನ, ಅಂದರೆ ಉಪ್ಪು ತಡೆಯುವ ಪೊರೆಯ, ವಿವರಪತ್ರದಲ್ಲಿ 50 ಪಿಎಸ್‌ಐ (ಒತ್ತಡದ ಇಂಗ್ಲಿಷ್ ಅಳತೆ) ಎಂದಿರುತ್ತದೆ, ಅಂದರೆ ಚದರ ಸೆಂ.ಮೀ.ಗೆ ಸುಮಾರು 3.5 ಕೆಜಿ, ಅದು ಯಂತ್ರದೊಳಗೆ ಒತ್ತಡ ಏರಿಸುವ ಬೂಸ್ಟರ್ ಪಂಪ್ ದಾಟಿ ಮೆಂಬ್ರೇನಿನ ಮುಂದೆ ನಿಂತ ನೀರಿನದು. ಎರಡಕ್ಕೂ ಒಂದೇ ಪದ ಹಾಕಿದರೆ, ನಲ್ಲಿಯಲ್ಲೇ 50 ಪಿಎಸ್‌ಐ ಬೇಕೆಂದು ಮನೆಯವರು ಬೇಡದ ಪ್ರೆಶರ್ ಪಂಪಿಗೆ ದುಡ್ಡು ಸುರಿಯುತ್ತಾರೆ. ಹಾಗಾಗಿ ಮೊದಲನೆಯದಕ್ಕೆ ‘ಯಂತ್ರಕ್ಕೆ ಬರುವ ನೀರು’, ಎರಡನೆಯದಕ್ಕೆ ‘ಮೆಂಬ್ರೇನಿಗೆ ಹೋಗುವ ನೀರು’ ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ಚಿಂತೆಯಿಲ್ಲ.

ಇನ್ನು ಒತ್ತಡ ಮತ್ತು ಫೋರ್ಸ್. ಇವು ಒಂದಲ್ಲ. ನಮ್ಮ ಮನೆಮಾತಿನ ಫೋರ್ಸ್ ಎಂದರೆ ನಲ್ಲಿ ತಿರುಗಿಸಿದಾಗ ಬಕೆಟ್ ಎಷ್ಟು ಬೇಗ ತುಂಬುತ್ತದೆ ಎಂಬುದು, ಅಂದರೆ ಹರಿವು. ಒತ್ತಡವನ್ನು ತೀರ್ಮಾನಿಸುವುದು ಟ್ಯಾಂಕಿನ ಎತ್ತರ: 10 ಮೀಟರ್ ಎತ್ತರಕ್ಕೆ ಸುಮಾರು 1 ಕೆಜಿ. ತಾರಸಿಯ ಮೇಲೆ ಟ್ಯಾಂಕ್, ಕೆಳಗೇ ಮೇಲಂತಸ್ತಿನ ಅಡುಗೆಮನೆ. ನಡುವೆ ಎರಡೂವರೆ ಮೀಟರ್ ಇದ್ದರೆ 0.25 ಕೆಜಿ ಅಷ್ಟೆ. ಪೈಪ್ ದಪ್ಪವಿದ್ದರೆ ಅಲ್ಲೂ ‘ಒಳ್ಳೇ ಫೋರ್ಸ್’ ಕಾಣುತ್ತದೆ, ಯಂತ್ರಕ್ಕೆ ಮಾತ್ರ ಸಾಲದು. ಅದೇ ಹತ್ತಂತಸ್ತಿನ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ 3 ಕೆಜಿ ಬರಬಹುದು. ಅಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಹಾಕದಿದ್ದರೆ ಫಿಲ್ಟರ್ ಹೌಸಿಂಗ್ ಬಿರಿಯಬಹುದು, ಇಲ್ಲವೇ ಪುಶ್ ಫಿಟ್ಟಿಂಗ್ (ಪೈಪನ್ನು ಒತ್ತಿ ಸೇರಿಸುವ ಜೋಡಣೆ) ಕಳಚಿಕೊಳ್ಳಬಹುದು.

ಕನಿಷ್ಠ ಒತ್ತಡ ಎಂದು ಬರೆದ ಕಡೆಯೆಲ್ಲ ‘ಯಂತ್ರ ಓಡುತ್ತಿರುವಾಗ’ ಎಂದು ಸೇರಿಸಲೇಬೇಕು. ಸೆಡಿಮೆಂಟ್ ಕ್ಯಾಂಡಲ್ (ಮಣ್ಣು-ಕಸ ತಡೆಯುವ ಫಿಲ್ಟರ್) ಕಟ್ಟಿಕೊಂಡಿದ್ದರೆ, ನೀರು ನಿಂತಿರುವಾಗ ಗೇಜ್ (ಒತ್ತಡಮಾಪಕ) ಸರಿಯಾಗೇ ತೋರಿಸುತ್ತದೆ. ಪಂಪ್ ಎಳೆಯಲು ಶುರುಮಾಡಿದೊಡನೆ ಮುಳ್ಳು ಬೀಳುತ್ತದೆ, ಲೋ ಪ್ರೆಶರ್ ಸ್ವಿಚ್ ಪಂಪನ್ನು ನಿಲ್ಲಿಸುತ್ತದೆ, ಒತ್ತಡ ಮತ್ತೆ ಏರುತ್ತದೆ, ಪಂಪ್ ಮತ್ತೆ ಶುರು. ಟಕ್ ಟಕ್ ಎಂದು ಹೀಗೆ ಆಗುತ್ತಿದ್ದರೆ ಪಂಪ್ ಬದಲಿಸುವ ಮುಂಚೆ ಕ್ಯಾಂಡಲ್ ನೋಡಿ. ಪಂಪಿನ ನಂತರದ ಗೇಜ್ 60ರಿಂದ 80 ಪಿಎಸ್‌ಐ ತೋರಿಸಬೇಕು. ಬೋರ್‌ವೆಲ್ ನೀರಿಗೆ ಇದರಲ್ಲೂ ಕಡಿತವಿದೆ: ಪ್ರತಿ 100 ಟಿಡಿಎಸ್‌ಗೆ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಸುಮಾರು 1 ಪಿಎಸ್‌ಐ ಉಪ್ಪಿನ ಎದುರೊತ್ತಡಕ್ಕೇ ಹೋಗುತ್ತದೆ.

ಉತ್ತರ 2:

ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ. ಉಷ್ಣತೆಯ ಸಾಲು ಮಾತ್ರ ಹಾಗೇ ಬಿಡಬೇಡಿ. ಕನ್ನಡದಲ್ಲಿ ತಣ್ಣೀರು ಎಂದರೆ ಕಾಯಿಸದ ನೀರು, ಮುಟ್ಟಿದರೆ ತಣ್ಣಗಿರುವ ನೀರೇ ಆಗಬೇಕೆಂದಿಲ್ಲ. ಏಪ್ರಿಲ್ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನಿಂದ ‘ತಣ್ಣೀರಿನ’ ಪೈಪಿನಲ್ಲಿ ಇಳಿಯುವುದು ಬಿಸಿ ನೀರೇ. ಇಲ್ಲಿ ಅಂಕಿ ಬೇಕು. ಮೆಂಬ್ರೇನಿನ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ಯಂತ್ರದ ಚೀಟಿಯಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಚೀಟಿಯದ್ದನ್ನೇ ಹಾಕಿ.

75 ಜಿಪಿಡಿ, ಅಂದರೆ ದಿನಕ್ಕೆ ಸುಮಾರು 284 ಲೀಟರ್, ಎಂಬ ಲೆಕ್ಕ 25 ಡಿಗ್ರಿಯ ನೀರಿಗೆ. ಒಂದೊಂದು ಡಿಗ್ರಿ ಇಳಿದಂತೆ ಸುಮಾರು ಶೇ. 3ರಷ್ಟು ಕಡಿಮೆ. ನೀರು 15 ಡಿಗ್ರಿಗೆ ಇಳಿದರೆ ಶೇ. 70ರಷ್ಟೇ ಸಿಗುತ್ತದೆ. ಜನವರಿಯಲ್ಲಿ ‘ಫೋರ್ಸ್ ಹೋಗಿದೆ’ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ, ಮೆಂಬ್ರೇನ್ ಬದಲಿಸಬೇಕಿಲ್ಲ. ಬೇಸಿಗೆಯಲ್ಲಿ ತಿರುಗುಮುರುಗು: ನೀರು ಬೇಗ ತುಂಬುತ್ತದೆ, ಉಪ್ಪೂ ಹೆಚ್ಚು ನುಸುಳಿ ಟಿಡಿಎಸ್ ಒಂದಿಷ್ಟು ಏರುತ್ತದೆ.

ಸೋಲಾರ್ ಇರುವ ಮನೆಗಳಿಗೆ ಬೇರೆ ವಾಕ್ಯವೇ ಬೇಕು. ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯ ಎರಡೂ ಬದಿ ತೆರೆದು ಬಾಯಿ ಮಾತ್ರ ಮುಚ್ಚಿದ್ದರೆ, ಬಿಸಿನೀರು ತಣ್ಣೀರಿನ ಪೈಪಿಗೆ ನುಗ್ಗಿ ಯಂತ್ರ ಮುಟ್ಟುತ್ತದೆ. ಸೋಲಾರ್ ನೀರು 60 ಡಿಗ್ರಿ ದಾಟುವುದುಂಟು. ಹೀಗೆ ಬರೆಯಬಹುದು: ‘ಯಂತ್ರಕ್ಕೆ ಬರುವ ನೀರು ಚೀಟಿಯಲ್ಲಿರುವ ಗರಿಷ್ಠ ಉಷ್ಣತೆ ಮೀರಬಾರದು. ಸೋಲಾರ್ ಅಥವಾ ಗೀಸರ್ ಇದ್ದರೆ, ಯಂತ್ರದ ಕವಲಿಗೂ ಮಿಕ್ಸರಿಗೂ ನಡುವೆ ತಣ್ಣೀರಿನ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಹಾಕಿ. ಬಾಣದ ಗುರುತು ಮಿಕ್ಸರಿನ ಕಡೆಗಿರಲಿ.’