‘ಡ್ಯೂಟಿ ಮೇಲೆ’ ಸತ್ತರು: ಇದನ್ನು ಬರವಣಿಗೆಯಲ್ಲಿ ಹೇಗೆ ಹೇಳೋಣ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಎಂಟು ದಿನದಿಂದ ‘ಮೇಲೆ’ ಅನ್ನೋ ಒಂದು ಚಿಕ್ಕ ಮಾತು ನನ್ನನ್ನು ಕಾಡುತ್ತಿದೆ. ನಿಮ್ಮ ಸಹಾಯ ಬೇಕು.

ನಮ್ಮ ಓಣಿಯಲ್ಲಿ ನಿವೃತ್ತ ಹೆಡ್ ಕಾನ್ಸ್‌ಟೇಬಲ್ ಒಬ್ಬರಿದ್ದಾರೆ. ಅವರೂ ಅವರ ಜೊತೆಗಾರರೂ ಸೇರಿ ಈ ಭಾಗದ ಶಾಸಕರಿಗೆ ಕೊಡಲು ಒಂದು ಮನವಿ ಬರೆದಿದ್ದಾರೆ. ಕೆಲಸದಲ್ಲಿರುವ ಪೊಲೀಸರು ಹೀಗೆ ಕೇಳೋದು ಕಷ್ಟ. 1966ರ ಒಂದು ಕೇಂದ್ರ ಕಾಯಿದೆಯ ಪ್ರಕಾರ ಅವರು ಅನುಮತಿ ಇಲ್ಲದೆ ಸಂಘ ಕಟ್ಟುವಂತಿಲ್ಲ, ಪತ್ರಿಕೆಗೆ ಹೇಳಿಕೆ ಕೊಡುವಂತಿಲ್ಲ. ಹಾಗಾಗಿ ನಿವೃತ್ತರು ಮತ್ತು ಮನೆಯ ಹೆಣ್ಣುಮಕ್ಕಳೇ ಬಾಯಿ ಬಿಡಬೇಕು. ಪೊಲೀಸ್ ಅನ್ನೋದು ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ಕೇಳಬೇಕಾದ್ದು ನಮ್ಮ ವಿಧಾನಸಭೆಯನ್ನೇ. ವಾರಕ್ಕೊಂದು ರಜೆ, ಪೊಲೀಸರು ತೀರಿಕೊಂಡರೆ ಮನೆಯವರಿಗೆ ಕ್ವಾರ್ಟರ್ಸ್ ಖಾಲಿ ಮಾಡಲು ಸಾಕಷ್ಟು ಸಮಯ, ಹೆಂಡತಿ ಮಕ್ಕಳಿಗೆ ಪರಿಹಾರ, ಇವೆಲ್ಲ ಬರೀ ಆದೇಶದಲ್ಲಿ ಇದ್ದರೆ ಸಾಲದು, ಕಾಯಿದೆಯಲ್ಲೇ ಬರಲಿ ಅನ್ನೋದು ಅವರ ಬೇಡಿಕೆ. ‘ಸರ್, ಕನ್ನಡ ಸ್ವಲ್ಪ ನೋಡಿಕೊಡ್ರಿ’ ಅಂತ ಮೂರು ಪುಟ ನನ್ನ ಕೈಗೆ ಕೊಟ್ಟರು.

ಎರಡನೇ ಪುಟದಲ್ಲಿ ಒಂದು ಸಾಲು ಹೀಗಿತ್ತು: ‘ಡ್ಯೂಟಿ ಮೇಲೆ ತೀರಿಕೊಂಡವರ ಮನೆಯವರಿಗೆ.’ ನಾನು ಅದನ್ನು ಹೊಡೆದು ‘ಕರ್ತವ್ಯನಿರತರಾಗಿದ್ದಾಗ ಮೃತಪಟ್ಟವರ ಕುಟುಂಬಕ್ಕೆ’ ಅಂತ ಮಾಡಿದೆ. ಪತ್ರಿಕೆಯಲ್ಲಿ ನಾವು ಓದೋದು ಹಾಗೇ ಅಲ್ವಾ? ಅವರು ಓದಿ ತಲೆ ಅಲ್ಲಾಡಿಸಿದರು. ‘ಇದು ಬ್ಯಾರೆ ಆಯ್ತ್ರಿ ಸರ್’ ಅಂದರು. ಆಮೇಲೆ ಒಬ್ಬ ಹುಡುಗನ ಕಥೆ ಹೇಳಿದರು.

ಹೋಳಿ ಆದ ಮೇಲೆ ಇಲ್ಲಿ ಶರಣಬಸವೇಶ್ವರರ ಜಾತ್ರೆ. ನಮ್ಮವರ ಬಾಯಲ್ಲಿ ಅಪ್ಪನ ಜಾತ್ರೆ. ಆ ಹೊತ್ತಿಗಾಗಲೇ ಬಿಸಿಲು ಏರಿರುತ್ತದೆ. ತೇರಿನ ಬಂದೋಬಸ್ತಿಗೆ ಹೋದ ಆ ಹುಡುಗ ಬೆಳಗ್ಗೆ ಆರಕ್ಕೆ ನಿಂತವನು, ರಾತ್ರಿ ಹತ್ತಕ್ಕೆ ಅವನನ್ನು ಬಿಟ್ಟರು. ಬಿಟ್ಟ ಹೊತ್ತು ಠಾಣೆಯ ಡೈರಿಯಲ್ಲಿ ಬರೆದಾಗಿತ್ತು. ಕ್ವಾರ್ಟರ್ಸಿಗೆ ಬಂದ. ಬೆಲ್ಟು ಬಿಚ್ಚಿ ಗೂಟಕ್ಕೆ ಹಾಕಿದ. ಹೊಸ್ತಿಲ ಹತ್ತಿರ ಕೂತು ಒಂದು ಬೂಟು ಬಿಚ್ಚಿದ. ಇನ್ನೊಂದರ ಲೇಸು ಗಂಟು ಬಿದ್ದಿತ್ತು. ಹೆಂಡತಿ ಚೆಂಬಿನಲ್ಲಿ ನೀರು ತಂದಾಗ ಗೋಡೆಗೆ ಒರಗಿಬಿಟ್ಟಿದ್ದ. ಒಂದು ಕಾಲಲ್ಲಿ ಬೂಟು ಹಾಗೇ ಇತ್ತು. ಕಾಗದಪತ್ರ ನೋಡುವ ಕಚೇರಿಯಲ್ಲಿ ‘ಕರ್ತವ್ಯದಿಂದ ಬಿಡುಗಡೆಯಾದ ನಂತರ ಸಾವು’ ಅಂತ ಬರೆದರು. ಆ ಹೆಣ್ಣುಮಗಳ ಅರ್ಜಿ ಅಲ್ಲಿಗೇ ನಿಂತಿತು.

‘ಮನಿಗಿ ಬಂದಾನ್ರಿ, ಖರೆ. ಆದ್ರ ಡ್ಯೂಟಿ ಮ್ಯಾಲೇ ಸತ್ತಾನ್ರಿ’ ಅಂದರು ಯಜಮಾನರು.

ಈ ಮಾತನ್ನು ಬರವಣಿಗೆಯ ಕನ್ನಡಕ್ಕೆ ತರಲು ನನಗೆ ಆಗುತ್ತಿಲ್ಲ. ‘ಕರ್ತವ್ಯದಲ್ಲಿದ್ದಾಗ’ ಅಂದರೆ ಹೊತ್ತು ಮಾತ್ರ ಬರುತ್ತದೆ. ಡೈರಿಯಲ್ಲಿ ಹೊತ್ತು ಮುಗಿದರೆ ಆ ಮಾತೂ ಮುಗಿಯಿತು. ‘ಕರ್ತವ್ಯದಿಂದ ಸತ್ತ’ ಅಂದರೆ ಕಾರಣ ಬರುತ್ತದೆ, ಆದರೆ ಕಿವಿಗೆ ಸರಿ ಕೇಳಿಸಲ್ಲ. ಮತ್ತೊಂದು ತೊಡಕು ನೋಡಿ. ‘ಕರ್ತವ್ಯದಿಂದ ಬಿಡುಗಡೆ’ಯಲ್ಲಿ ಇರುವುದೂ ಅದೇ ‘ಇಂದ’. ಒಂದು ‘ಇಂದ’ ಅವನನ್ನು ಕೆಲಸದಿಂದ ದೂರ ತರುತ್ತದೆ, ಇನ್ನೊಂದು ಸಾವಿಗೆ ಕೆಲಸವೇ ಕಾರಣ ಅನ್ನುತ್ತದೆ. ಎರಡೂ ಒಂದೇ ಕಡತದಲ್ಲಿ ಕೂತಿವೆ.

‘ಮೇಲೆ’ಗೆ ಈ ಕಷ್ಟ ಇಲ್ಲ. ‘ಊಟದ ಮೇಲೆ ಮಲಗಿದ’ ಅಂದರೆ ಊಟ ಆದ ನಂತರ. ‘ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದಾರೆ’ ಅಂದರೆ ಕೆಲಸಕ್ಕಾಗಿ. ‘ಅವನು ಡ್ಯೂಟಿ ಮೇಲಿದ್ದಾನೆ’ ಅಂದರೆ ಈಗ ಅದರಲ್ಲೇ ಇದ್ದಾನೆ. ಹೊತ್ತು, ಕಾರಣ, ಆಮೇಲಿನದು, ಮೂರೂ ಈ ಒಂದು ಮಾತಿನಲ್ಲಿ ಇವೆ. ಅದಕ್ಕೇ ಯಜಮಾನರ ಮಾತು ಅಷ್ಟು ಸರಿಯಾಗಿ ಕೂತಿತು.

ಇಲ್ಲಿ ಮೊದಲ ಪ್ರಶ್ನೆ. ‘ಡ್ಯೂಟಿ ಮೇಲೆ’ ನಮ್ಮದೇ ಬಳಕೆಯೋ, ದಖ್ಖನಿಯ, ಅಂದರೆ ನಮ್ಮ ಕಡೆಯ ಆಡು ಉರ್ದುವಿನ, ‘ಡ್ಯೂಟಿ ಪೇ’ ನೋಡಿ ಬಂದದ್ದೋ? ಅಲ್ಲಿ ‘ಪೇ’ ಅಂದರೆ ‘ಮೇಲೆ’. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ನಿಜಾಮರ ಕಾಲದ ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. ಠಾಣೆಯ ಅಧಿಕಾರಿಗೆ ಹಳಬರು ಅಮೀನ್ ಸಾಹೇಬ ಅನ್ನುತ್ತಿದ್ದರು. ಆದರೆ ‘ಕೆಲಸದ ಮೇಲೆ ಹೋಗಿದಾರೆ’ ಅನ್ನೋದು ಮೈಸೂರು ಕಡೆಯೂ ಇದೆ. ನನ್ನ ಊಹೆ ಇಷ್ಟು: ಈ ‘ಮೇಲೆ’ ನಮ್ಮದೇ, ದಖ್ಖನಿ ಅದನ್ನು ಜಾಸ್ತಿ ಬಳಕೆಗೆ ತಂದಿರಬೇಕು. ಬೀದರ್, ಯಾದಗಿರಿ ಕಡೆಯವರು, ಮೈಸೂರು ಸೀಮೆಯವರು ನಿಮ್ಮ ಕಡೆ ಹೇಗೆ ಹೇಳುತ್ತೀರಿ ತಿಳಿಸಿ.

ಈ ತೊಡಕು ಕನ್ನಡಕ್ಕೆ ಮಾತ್ರ ಇರುವುದಲ್ಲ. ಕೂಲಿಕಾರರ ಪರಿಹಾರಕ್ಕೆ ನಮ್ಮ ದೇಶದಲ್ಲಿ ಬಂದ 1923ರ ಕಾಯಿದೆ, ಅಪಘಾತ ಕೆಲಸದ ಕಾರಣಕ್ಕೂ ಆಗಿರಬೇಕು, ಕೆಲಸದ ಹೊತ್ತಿನಲ್ಲೂ ಆಗಿರಬೇಕು ಅಂದಿತು. ಎರಡರ ನಡುವೆ ‘ಮತ್ತು’ ಹಾಕಿತು. ಅಲ್ಲಿ ‘ಅಥವಾ’ ಇದ್ದಿದ್ದರೆ ಎಷ್ಟೋ ಮನೆಗಳ ಕಥೆ ಬೇರೆಯಾಗುತ್ತಿತ್ತು. ಅಮೆರಿಕದಲ್ಲಿ ಪೊಲೀಸರ ಮನೆಯವರಿಗೆ ಪರಿಹಾರ ಕೊಡುವ 1976ರ ಕಾಯಿದೆ ಇದೆ. ಅಲ್ಲಿನ ಮಾತು ‘ಲೈನ್ ಆಫ್ ಡ್ಯೂಟಿ’. ಅಲ್ಲೂ ಹೃದಯಾಘಾತದ ಪ್ರಶ್ನೆ ಬಂತು. 2003ರಲ್ಲಿ ತಿದ್ದುಪಡಿ ಮಾಡಿದರು. ಮೈಮುರಿಯುವ ಕೆಲಸ ಮಾಡುವಾಗ, ಇಲ್ಲವೇ ಮಾಡಿದ 24 ಗಂಟೆಯೊಳಗೆ, ಹೃದಯಾಘಾತವೋ ಪಾರ್ಶ್ವವಾಯುವೋ ಆಗಿ ಸತ್ತರೆ ಅದು ಕರ್ತವ್ಯದ ಸಾವು ಅಂತಲೇ ಹಿಡಿಯಬೇಕು, ಹಾಗಲ್ಲ ಅನ್ನಲು ವೈದ್ಯಕೀಯ ಪುರಾವೆ ಬೇಕು ಅಂದರು. 2022ರಲ್ಲಿ ಮನಸ್ಸಿಗೆ ಆಗುವ ಪೆಟ್ಟನ್ನೂ ಸೇರಿಸಿದರು. ನಮ್ಮ ಯಜಮಾನರ ಮನವಿಯಲ್ಲೂ ಇಂಥದೇ ಒಂದು ಸಾಲು ಬರಬೇಕು ಅಂತ ನಾನು ಹೇಳಿದ್ದೇನೆ. ‘ಹಂಗಾದ್ರ ಆ ಬೂಟಿನ ಹುಡುಗನೂ ಅದರಾಗ ಬರ್ತಾನ’ ಅಂದರು.

ನನಗೆ ಹೊಳೆದ ಪದ ‘ನಿಮಿತ್ತ’. ‘ಕರ್ತವ್ಯ ನಿಮಿತ್ತ ಮರಣ.’ ‘ಕೆಲಸದ ನಿಮಿತ್ತ ಊರಿಗೆ ಹೋದ’ ಅಂತ ಹಳ್ಳಿಯವರೂ ಹೇಳುತ್ತಾರೆ. ಸಂಸ್ಕೃತದಿಂದ ಬಂದರೂ ಬಾಯಿಗೆ ಪಳಗಿದ ಮಾತು. ಇದರಲ್ಲಿ ಕಾರಣ ಇದೆ, ಹೊತ್ತಿನ ಗಡಿ ಇಲ್ಲ. ಆದರೆ ‘ನಾನು ನಿಮಿತ್ತ ಮಾತ್ರ’ ಅನ್ನೋ ಬಳಕೆಯಲ್ಲಿ ಅದೇ ಪದ ನೆಪ ಅನ್ನೋ ಅರ್ಥಕ್ಕೆ ಜಾರುತ್ತದೆ. ಕಡತದಲ್ಲಿ ಯಾರಾದರೂ ಅದನ್ನೇ ಹಿಡಿದು ವಾದಿಸಿದರೆ ಅನ್ನೋ ಭಯ ನನಗಿದೆ. ಇದಕ್ಕಿಂತ ಒಳ್ಳೆಯ ಮಾತು ಇದ್ದರೆ ಹೇಳಿ. ‘ಡ್ಯೂಟಿ ಮೇಲೆ’ ಅಂತಲೇ ಬಿಟ್ಟು, ಕೆಳಗೆ ಅದರ ಅರ್ಥ ವಿವರಿಸಿದರೆ ಆಗುತ್ತಾ? ಕಾಯಿದೆಗಳಲ್ಲಿ ಪದಗಳಿಗೆ ಅರ್ಥ ಕೊಡುವ ಭಾಗ ಇದ್ದೇ ಇರುತ್ತದಲ್ವಾ?

ಇನ್ನೊಂದು ಪದ ‘ಅನುಕಂಪ’. ಕೆಲಸದಲ್ಲಿದ್ದಾಗ ತೀರಿಕೊಂಡ ಸರ್ಕಾರಿ ನೌಕರರ ಮನೆಯವರಿಗೆ ಕೊಡುವ ಕೆಲಸಕ್ಕೆ ‘ಅನುಕಂಪದ ಆಧಾರದ ಮೇಲೆ ನೌಕರಿ’ ಅನ್ನೋದು ನಮ್ಮ ರಾಜ್ಯದ 1996ರ ನಿಯಮಗಳ ಮಾತು. ಪದದ ಮೂಲ ಚೆನ್ನಾಗಿದೆ, ಜೊತೆಗೆ ನಡುಗುವುದು ಅಂತ. ಭೂಕಂಪದಲ್ಲಿರುವ ಕಂಪವೇ. ಆದರೆ ಇವತ್ತಿನ ಬಳಕೆಯಲ್ಲಿ ಅದು ‘ಅಯ್ಯೋ ಪಾಪ’ ಆಗಿದೆ. ಆ ನೌಕರಿಗೆ ಬಂದ ಹೆಣ್ಣುಮಗಳೊಬ್ಬಳು ನನಗೆ ‘ಅವರ ಮ್ಯಾಲೆ ಬಂದೀನ್ರಿ’ ಅಂದಳು. ಗಂಡನ ನೌಕರಿ ಮೇಲೆ ಅಂತ ಅರ್ಥ. ಮತ್ತೆ ಅದೇ ‘ಮೇಲೆ’! ಅದರಲ್ಲಿ ಪಾಪ ಅನ್ನೋದು ಇಲ್ಲ, ಹಕ್ಕು ಇದೆ.

ಒಂದು ಪದ ಏನು ಮಾಡಬಲ್ಲದು ಅನ್ನೋದಕ್ಕೆ ಇದೇ ನಿಯಮ ಸಾಕ್ಷಿ. ಮಗಳು ಅನ್ನೋದರ ಮುಂದೆ ‘ಅವಿವಾಹಿತ’ ಅಂತ ಇತ್ತು. ಮದುವೆಯಾದ ಮಗಳಿಗೆ ತಂದೆಯ ನೌಕರಿ ಸಿಗುತ್ತಿರಲಿಲ್ಲ. 2020ರಲ್ಲಿ ನಮ್ಮ ಹೈಕೋರ್ಟ್ ಆ ಒಂದು ಪದವನ್ನು ಹೊಡೆದು ಹಾಕಿತು. 2021ರಲ್ಲಿ ನಿಯಮ ಬದಲಾಯಿತು.

ಹಾಗಾಗಿ ‘ಅನುಕಂಪದ ನೇಮಕ’ಕ್ಕೆ ಬದಲಾಗಿ ‘ಆಸರೆ ನೇಮಕ’ ಅನ್ನಬಹುದಾ? ‘ವಾರಸುದಾರಿಕೆ’ ಅಂದರೆ ಆಸ್ತಿಯ ವಾಸನೆ ಬರುತ್ತದೆ, ಅದು ಬೇಡ. ಮನವಿ ಕೊಡಲು ಇನ್ನೂ ಹತ್ತು ದಿನ ಇದೆ. ಯಜಮಾನರು ದಿನಾ ಸಂಜೆ ಬಂದು ‘ಯಾರರೆ ಬರದಾರೇನ್ರಿ ಸರ್?’ ಅಂತ ಕೇಳುತ್ತಾರೆ. ಎರಡನೇ ಪುಟದ ಆ ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ.